ಸಾಲನ್ನು ಒತ್ತಿದರೆ ಬೇರೊಬ್ಬರ ಲೆಕ್ಕ ತೆರೆದುಕೊಳ್ಳುವುದೇಕೆ?

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಹಣ್ಣು ಕುಯ್ಯುವವರ ದಿನದ ತೂಕವನ್ನು ಬರೆದಿಡಲು ಕೋಟ್ಲಿನ್ ಭಾಷೆಯಲ್ಲಿ ಒಂದು ಆಂಡ್ರಾಯ್ಡ್ ಆ್ಯಪ್ ಬರೆದಿದ್ದೇನೆ. ಹೆಸರುಗಳ ಪಟ್ಟಿಗೆ, ಸಾಲುಗಳನ್ನು ತೆರೆಯ ಮೇಲೆ ತೋರಿಸುವ ರಿಸೈಕ್ಲರ್‌ವ್ಯೂ ಬಳಸಿದ್ದೇನೆ. ಅಂದು ಬಾರದವರ ಹೆಸರನ್ನು ಪಟ್ಟಿಯಿಂದ ತೆಗೆದ ಬಳಿಕ ಅದರ ಕೆಳಗಿನ ಯಾವುದೇ ಹೆಸರನ್ನು ಒತ್ತಿದರೂ ಅದರ ಮುಂದಿನವರ ಪುಟ ತೆರೆದುಕೊಳ್ಳುತ್ತದೆ. ಪಟ್ಟಿಯನ್ನು ಬಹಳ ಕೆಳಗೆ ಸರಿಸಿ ಹಿಂದಕ್ಕೆ ಬಂದರೆ ತಾನಾಗಿ ಸರಿಹೋಗುತ್ತದೆ. ತಪ್ಪೆಲ್ಲಿದೆ?
— ಓದುಗರು, ಗೋಣಿಕೊಪ್ಪಲು

ಉತ್ತರ: ಸರಿಸಿ ಬಂದರೆ ಸರಿಹೋಗುತ್ತದೆ ಎಂದು ನೀವು ಗಮನಿಸಿದ್ದರಲ್ಲಿಯೇ ಕಾರಣ ಅಡಗಿದೆ. ನೀವು ಕ್ಲಿಕ್ ಲಿಸನರನ್ನು (ಒತ್ತಿದಾಗ ಏನಾಗಬೇಕೆಂದು ಹೇಳುವ ಕೋಡ್) ಆನ್‌ಬೈಂಡ್‌ವ್ಯೂಹೋಲ್ಡರ್ ಒಳಗೆ, ಅಂದರೆ ಸಾಲಿಗೆ ವಿವರ ತುಂಬುವ (ಬೈಂಡ್ ಮಾಡುವ) ಫಂಕ್ಷನ್ನಿನಲ್ಲಿ ಬರೆದು, ಅಲ್ಲಿಗೆ ಬರುವ ಪೊಸಿಷನ್ (ಸ್ಥಾನ) ಸಂಖ್ಯೆಯನ್ನೇ ಲಿಸನರಿನಲ್ಲಿ ಬಳಸಿರಬೇಕು. ಒಂದು ಸಾಲನ್ನು ತೆಗೆದದ್ದನ್ನು ನೋಟಿಫೈಐಟಂರಿಮೂವ್ಡ್ ಮೂಲಕ ತಿಳಿಸಿದಾಗ ರಿಸೈಕ್ಲರ್‌ವ್ಯೂ ಕೆಳಗಿನ ಸಾಲುಗಳನ್ನು ಮೇಲಕ್ಕೆ ಸರಿಸುತ್ತದೆಯೇ ಹೊರತು ಅವುಗಳಿಗೆ ಮತ್ತೆ ಬೈಂಡ್ ಮಾಡುವುದಿಲ್ಲ. ಹೀಗಾಗಿ 7ನೇ ಸ್ಥಾನದಲ್ಲಿದ್ದವರು 6ಕ್ಕೆ ಬಂದರೂ ಅವರ ಸಾಲಿನ ಲಿಸನರ್ ಹಳೆಯ 7ನ್ನೇ ಹಿಡಿದುಕೊಂಡಿರುತ್ತದೆ, ಒತ್ತಿದಾಗ ಈಗ ಆ ಸ್ಥಾನದಲ್ಲಿರುವ ಮುಂದಿನವರ ಪುಟವನ್ನು ತೆರೆಯುತ್ತದೆ. ದೂರ ಸರಿಸಿ ಹಿಂದಿರುಗಿದಾಗ ಆ ಸಾಲುಗಳಿಗೆ ಹೊಸದಾಗಿ ಬೈಂಡ್ ಆಗುವುದರಿಂದ ತಪ್ಪು ಮರೆಯಾಗುತ್ತದೆ.

ಹಳೆಯ ಲಿಸ್ಟ್‌ವ್ಯೂನಲ್ಲಿ ಇಡೀ ಪಟ್ಟಿಗೆ ಒಂದೇ ಐಟಂ ಕ್ಲಿಕ್ ಲಿಸನರ್ ಕೊಡುವ ಅನುಕೂಲವಿತ್ತು. 2014ರಲ್ಲಿ ಆಂಡ್ರಾಯ್ಡ್ 5.0 ಜೊತೆಗೆ ಬಂದ ರಿಸೈಕ್ಲರ್‌ವ್ಯೂನಲ್ಲಿ ಅದಿಲ್ಲ, ಆ ಹೊಣೆ ಬರೆಯುವವರದೇ. ಲಿಸನರನ್ನು ಆನ್‌ಕ್ರಿಯೇಟ್‌ವ್ಯೂಹೋಲ್ಡರ್‌ನಲ್ಲಿ, ಅಂದರೆ ಸಾಲನ್ನು ಹಿಡಿದಿಡುವ ವ್ಯೂಹೋಲ್ಡರ್ ಹುಟ್ಟುವಾಗ ಒಮ್ಮೆ ಮಾತ್ರ ಕಟ್ಟಿರಿ. ಸ್ಥಾನವನ್ನು ಮೊದಲೇ ಹಿಡಿದಿಡದೆ, ಬೆರಳು ಒತ್ತಿದ ಕ್ಷಣದಲ್ಲಿ ಬೈಂಡಿಂಗ್‌ಅಡಾಪ್ಟರ್‌ಪೊಸಿಷನ್ ಮೂಲಕ ಕೇಳಿಕೊಳ್ಳಿರಿ. ಸಾಲು ಅಳಿಸಿಹೋಗುವ ಅನಿಮೇಷನ್ ನಡೆಯುತ್ತಿರುವಾಗಲೇ ಯಾರಾದರೂ ಅದನ್ನು ಒತ್ತಿದರೆ ಉತ್ತರವಾಗಿ ನೋ_ಪೊಸಿಷನ್, ಅಂದರೆ -1 ಬರುತ್ತದೆ. ಹಾಗೆ ಬಂದಾಗ ಏನನ್ನೂ ಮಾಡದೆ ಹಿಂದಿರುಗಬೇಕು, ಇಲ್ಲವಾದರೆ ಆ್ಯಪ್ ಮುಚ್ಚಿಹೋದೀತು.

ಆ ಸ್ಥಾನದಿಂದ ಕೆಲಸಗಾರರ ವಿವರವನ್ನು ಪಡೆದ ಮೇಲೆ, ತೂಕ ಬರೆಯುವ ಪುಟಕ್ಕೆ ಕಳುಹಿಸಬೇಕಾದದ್ದು ಸ್ಥಾನವನ್ನಲ್ಲ, ಡೇಟಾಬೇಸಿನಲ್ಲಿ ಅವರಿಗಿರುವ ಐಡಿಯನ್ನು. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ: ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವಲ್ಲಿ ಒಬ್ಬರ ತೂಕ ಇನ್ನೊಬ್ಬರ ಹೆಸರಿಗೆ ಹೋದರೆ ಒಬ್ಬರ ಇಡೀ ದಿನದ ದುಡಿಮೆಯೇ ಲೆಕ್ಕದಿಂದ ತಪ್ಪಿಹೋಗುತ್ತದೆ. ಪುಟ ತೆರೆದಿರುವಾಗಲೇ ಪಟ್ಟಿಯ ಕ್ರಮ ಬದಲಾದರೂ ಐಡಿ ಬದಲಾಗುವುದಿಲ್ಲ.

ನೋಟಿಫೈಡೇಟಾಸೆಟ್‌ಚೇಂಜ್ಡ್ (ಇಡೀ ಪಟ್ಟಿ ಬದಲಾಯಿತೆಂಬ ಸೂಚನೆ) ಕರೆದರೆ ಸಾಕೆಂದು ಕೆಲವರು ಸಲಹೆ ಕೊಡಬಹುದು. ಅದರಿಂದ ತೊಂದರೆ ಕಾಣದಂತಾಗುತ್ತದೆ ನಿಜ, ಆದರೆ ಪ್ರತಿ ಬದಲಾವಣೆಗೂ ಕಾಣುವ ಎಲ್ಲ ಸಾಲುಗಳಿಗೂ ಮತ್ತೆ ಬೈಂಡ್ ಮಾಡಬೇಕಾಗುತ್ತದೆ, ಅಳಿಸುವ ಅನಿಮೇಷನ್ ಕೂಡ ಇಲ್ಲವಾಗುತ್ತದೆ. ಅದರ ಬದಲು, ಹಳೆಯ ಮತ್ತು ಹೊಸ ಪಟ್ಟಿಗಳ ವ್ಯತ್ಯಾಸವನ್ನು ಹುಡುಕುವ ಡಿಫ್‌ಯುಟಿಲ್ ಬಳಸುವ ಲಿಸ್ಟ್‌ಅಡಾಪ್ಟರನ್ನು ಪರಿಶೀಲಿಸಿರಿ.

ಸಾಲಿನೊಳಗೆ ಅಳಿಸುವ ಗುಂಡಿಯೂ ಇದ್ದರೆ ಅದಕ್ಕೆ ಪ್ರತ್ಯೇಕ ಲಿಸನರ್ ಬೇಕು. ಗುಂಡಿಯನ್ನು ಒತ್ತಿದಾಗ ಸಾಲಿನ ಲಿಸನರಿಗೆ ಆ ಒತ್ತು ತಲುಪುವುದಿಲ್ಲ. ಗುಂಡಿ 48 ಡಿಪಿಗಿಂತ (ಆಂಡ್ರಾಯ್ಡ್ ತೆರೆಯ ಅಳತೆಯ ಮಾನ) ಚಿಕ್ಕದಾಗದಿರಲಿ. ಹಣ್ಣಿನ ಅಂಟು ಹತ್ತಿದ ಕೈಯಲ್ಲಿ, ಸಂಜೆಯ ಮಬ್ಬಿನಲ್ಲಿ ಫೋನ್ ಹಿಡಿದು ತೂಕ ಬರೆಯುವವರಿಗೆ ಅಷ್ಟಾದರೂ ಜಾಗ ಬೇಕು.

ಬದಲಾವಣೆ ಮುಗಿದ ಮೇಲೆ ಮೂರೇ ಹೆಸರುಗಳ ಪಟ್ಟಿ ಮಾಡಿ, ನಡುವಿನದನ್ನು ಅಳಿಸಿ, ಪಟ್ಟಿಯನ್ನು ಸರಿಸದೆ ಕಡೆಯ ಹೆಸರನ್ನು ಒತ್ತಿ ನೋಡಿರಿ. ಹಳೆಯ ಕೋಡಿನಲ್ಲಿ ಇಲ್ಲಿ ಆ್ಯಪ್ ಮುಚ್ಚಿಹೋಗುತ್ತಿತ್ತು, ಏಕೆಂದರೆ ಅದು ಹುಡುಕುತ್ತಿದ್ದ ಸ್ಥಾನವೇ ಪಟ್ಟಿಯಲ್ಲಿ ಉಳಿದಿರುವುದಿಲ್ಲ. ಈಗ ಆ ಹೆಸರಿನವರ ಪುಟವೇ ತೆರೆಯಬೇಕು.