ಅಕ್ಕಿ ಚೀಲ ಕೊಡುವ ಷಡ್ಡಕ, ಅನ್ನಭಾಗ್ಯದ ಪರ ನಿಂತ ಮಾಸ್ತರು

ಬ್ಯಾಡಗಿಯ ನಿವೃತ್ತ ಮಾಸ್ತರೊಬ್ಬರು ಬರೆದಿದ್ದಾರೆ: "ನನ್ನ ಷಡ್ಡಕ ಪ್ರತಿ ವರ್ಷ ಜಾತ್ರೆಯ ದಾಸೋಹಕ್ಕೆ ಐದು ಚೀಲ ಅಕ್ಕಿ ಕೊಡುತ್ತಾನೆ. ಆದರೆ ಸರ್ಕಾರ ಬಡವರಿಗೆ ಅಕ್ಕಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಅಂತಾನೆ. ನಾನು ಜಾತ್ರೆಗೆ ಹತ್ತು ರೂಪಾಯಿಯನ್ನೂ ಕೊಡುವವನಲ್ಲ, ಅನ್ನಭಾಗ್ಯದ ಪರ. ನಮ್ಮ ಪಕ್ಷಗಳೂ ಬೇರೆ. ಊಟಕ್ಕೆ ಕೂತರೆ ಜಗಳ. ನಿಜವಾದ ಕರುಣೆ ಯಾರದು?"

ಮಾಸ್ತರೇ, ನಿಮ್ಮ ಪತ್ರ ಎರಡು ದಿನ ನನ್ನ ತಲೆ ಬಿಡಲಿಲ್ಲ. ಇದೇ ಜಗಳವನ್ನು ಅಮೆರಿಕದ ವಿದ್ವಾಂಸರು ಅಂಕಿ-ಅಂಶ ಹಿಡಿದು ಆಡಿದ್ದಾರೆ. ಸರ್ಕಾರವೇ ಬಡವರಿಗೆ ಕೊಡಲಿ ಎನ್ನುವ ಉದಾರವಾದಿಗಳಿಗಿಂತ ಅಲ್ಲಿಯ ಸಂಪ್ರದಾಯವಾದಿಗಳೇ ಜಾಸ್ತಿ ದಾನ ಮಾಡುತ್ತಾರೆ ಎಂದು 2006ರಲ್ಲಿ ಆರ್ಥರ್ ಬ್ರೂಕ್ಸ್ ಬರೆದರು. 2017ರಲ್ಲಿ ಮಿಷೆಲ್ ಮಾರ್ಗೋಲಿಸ್ ಮತ್ತು ಮೈಕೆಲ್ ಸ್ಯಾನ್ಸಸ್ ಅದನ್ನು ಒಪ್ಪಲಿಲ್ಲ. ಎರಡೂ ಕಡೆಯವರು ಕೊಡುವುದು ಹೆಚ್ಚುಕಡಿಮೆ ಅಷ್ಟೇ, ಯಾರಿಗೆ ಕೊಡುತ್ತಾರೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ ಎಂದರು. ವಾದ ಇನ್ನೂ ಮುಗಿದಿಲ್ಲ. ನನಗೆ ಎರಡನೆಯ ಮಾತೇ ಹಿಡಿಸುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳಿಗೆ ಊರೂರಲ್ಲಿ ತುಲಾಭಾರ ನಡೆಯುತ್ತಿತ್ತು. ಆ ದುಡ್ಡಿನಿಂದ ಅಂಧ ಮಕ್ಕಳ ಊಟ, ಸಂಗೀತ ಪಾಠ ಸಾಗುತ್ತಿತ್ತು. ತಕ್ಕಡಿಗೆ ನಾಣ್ಯ ಸುರಿದವರೆಲ್ಲ ಒಂದೇ ಪಕ್ಷದವರಾಗಿದ್ದರೇ?

ಇನ್ನೊಂದು ಪ್ರಯೋಗವಿದೆ, 2007ರದು. ಆಫ್ರಿಕಾದ ಹಸಿವಿನ ಅಂಕಿ-ಅಂಶ ತೋರಿಸಿದಾಗ ಜನ ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ ಏಳು ವರ್ಷದ ಒಬ್ಬ ಹುಡುಗಿಯ ಫೋಟೋ ತೋರಿಸಿದಾಗ 2.38 ಡಾಲರ್. ಕರುಣೆಗೆ ಮುಖ ಬೇಕು. ನನಗೆ ಭಯವಾಗುವುದು ಇಲ್ಲೇ.

2019ರ ಆಗಸ್ಟ್. ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನೀರು ನುಗ್ಗಿತ್ತು. ಹುಬ್ಬಳ್ಳಿಯಿಂದ ರೊಟ್ಟಿ ತುಂಬಿಕೊಂಡು ಹೊರಟ ಒಂದು ಗಾಡಿಯಲ್ಲಿ ನಾನೂ ಇದ್ದೆ. ಖಡಕ್ ರೊಟ್ಟಿಯ ಕಟ್ಟುಗಳು, ಹಳೇ ಪೇಪರಿನಲ್ಲಿ ಶೇಂಗಾ ಚಟ್ನಿ. ಒಂದು ಪೊಟ್ಟಣದ ಮೇಲೆ ಯಾರೋ ತಾಯಿ ಪೆನ್ಸಿಲ್ಲಿನಲ್ಲಿ ಬರೆದಿದ್ದರು: "ಖಾರ ಕಮ್ಮಿ ಐತಿ, ಸಣ್ಣ ಹುಡುಗರಿಗೆ ಕೊಡ್ರಿ." ಯಾರ ಮನೆಯ ಹುಡುಗರೋ, ಆಕೆಗೇನು ಗೊತ್ತು?

ಹಂಚಲು ನಿಂತಾಗ ಜೊತೆಗಿದ್ದ ಹುಡುಗನೊಬ್ಬ ಒಂದು ಓಣಿ ತೋರಿಸಿ, "ಅವರು ನಮಗ ಓಟ್ ಹಾಕೋರಲ್ಲ, ಆಮೇಲೆ ನೋಡೋಣು" ಅಂದ. ಅವನಿಗೆ ಕರುಣೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ರಾತ್ರಿ ನಿದ್ದೆಗೆಟ್ಟು ಮೂಟೆ ಹೊತ್ತಿದ್ದ. ಆ ಕರುಣೆಗೆ ಪಕ್ಷ ಬೇಲಿ ಹಾಕಿತ್ತು. ನಾನು ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ನಿಮ್ಮ ಮಾತಿನಲ್ಲಿ ಹುರುಳಿದೆ. 2013ರಲ್ಲಿ ಶುರುವಾದ ಅನ್ನಭಾಗ್ಯ ಕಾರ್ಡ್ ನೋಡುತ್ತದೆ, ಓಣಿ ನೋಡುವುದಿಲ್ಲ. ಆದರೆ ಸರ್ಕಾರ ಕೊಡುತ್ತಿದೆಯಲ್ಲ ಎಂದು ನಾವು ಸುಮ್ನೆ ಮನೆಯಲ್ಲಿ ಕೂತರೆ ಹಸಿದವರ ಮುಖದ ಪರಿಚಯವೇ ಆಗುವುದಿಲ್ಲ, ಅಲ್ವಾ? ಆ ಪರಿಚಯ ನಿಮ್ಮ ಷಡ್ಡಕರಿಗಿದೆ.

ಮುಂದಿನ ಜಾತ್ರೆಗೆ ಅವರ ಜೊತೆ ಹೋಗಿ, ದಾಸೋಹದಲ್ಲಿ ನೀವೂ ಬಡಿಸಿ. ರೇಷನ್ ಕೊಡುವ ದಿನ ಅವರನ್ನು ನ್ಯಾಯಬೆಲೆ ಅಂಗಡಿಗೆ ಕರೆದುಕೊಂಡು ಹೋಗಿ. ಅಲ್ಲಿ ವಾದ ಬೇಡ. ವರ್ಷಗಟ್ಟಲೆ ಮೆಣಸಿನಕಾಯಿ ತೊಟ್ಟು ಬಿಡಿಸಿ ಬೆರಳು ಸವೆದ ಹೆಂಗಸರು ಯಂತ್ರ ಹೆಬ್ಬೆಟ್ಟು ಗುರುತಿಸದಿದ್ದಾಗ ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಮತ್ತೆ ಒತ್ತುತ್ತಾರೆ. ಅದನ್ನು ಇಬ್ಬರೂ ನಿಂತು ನೋಡಿ. ಆಮೇಲೆ ಇಬ್ಬರೂ ಸೇರಿ ನನಗೊಂದು ಪತ್ರ ಬರೆಯಿರಿ.

– ಸಂಪಾದಕ