ಪಾಪವೇ ಇಲ್ಲದ ಗಂಡ, ಅಡವಿಟ್ಟ ಬಳೆ

ಕುಂಬಳೆ ಕಡೆಯಿಂದ ಬಂದ ಈ ಕಾಗದ ಓದಿ ನನಗೆ ಸಿಟ್ಟು ಬಂತು. ಬರೆದ ತಂಗಿಯ ಮೇಲಂತೂ ಅಲ್ಲ.

ವಿಷಯ ಇಷ್ಟು. ಗಂಡ ಎರಡು ವರ್ಷದ ಹಿಂದೆ ಯೇಸುವನ್ನು ನಂಬಿ, ಸಭೆಯವರು ಹೇಳುವ ಹಾಗೆ ಪಾಪದಿಂದ ‘ರಕ್ಷಣೆ’ ಹೊಂದಿ ದೀಕ್ಷಾಸ್ನಾನ ತೆಗೆದುಕೊಂಡರು. ಕುಡಿತ ಬಿಟ್ಟರು, ಒಳ್ಳೇದಾಯ್ತು. ಹಿಂದೆಯೇ ಇವರೂ ಸಭೆ ಸೇರಿದರು. ಅಂಗಡಿ ಮೇಲಿನ ಬಾಡಿಗೆ ಕೋಣೆ, ಮಲಯಾಳದಲ್ಲಿ ಪ್ರಸಂಗ, ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವವರು ಒಬ್ಬರು. ಅಲ್ಲಿನ ಹಿರಿಯ ಬ್ರದರ್ ಹೇಳುವುದು ಒಂದೇ ಮಾತು: ನಿಜವಾಗಿ ರಕ್ಷಣೆ ಆದವರು ಆಮೇಲೆ ಪಾಪ ಮಾಡುವುದೇ ಇಲ್ಲ, ಮಾಡಿದರೆ ರಕ್ಷಣೆಯೇ ಆಗಿಲ್ಲ ಅಂತ. ಗಂಡ ಎದ್ದು ನಿಂತು ‘ನನ್ನಲ್ಲಿ ಪಾಪ ಇಲ್ಲ’ ಎಂದು ಸಾಕ್ಷಿ ಹೇಳಿಯಾಗಿದೆ. ಈಗ ಹೆಂಡತಿಯೂ ಹೇಳಬೇಕಂತೆ. ಇವರಿಗೆ ಬಾಯಿ ಬರುತ್ತಿಲ್ಲ, ಯಾಕೆಂದರೆ ಒಂದು ದಿನ ಅತ್ತೆಗೆ ಜೋರಾಗಿ ಬೈದಿದ್ದಾರೆ. ‘ಹಾಗಾದರೆ ನನಗೆ ರಕ್ಷಣೆ ಆಗಿಲ್ವಾ?’ ಇದು ಪ್ರಶ್ನೆ.

ಆದರೆ ತಂಗೀ, ಮೂರನೇ ಪುಟದಲ್ಲಿ ನೀವು ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ‘ಸಭೆಯ ಹಾಲ್‌ನ ಅಡ್ವಾನ್ಸಿಗೆ ನನ್ನ ತವರಿನ ಎರಡು ಬಳೆ ನನಗೆ ಹೇಳದೆ ಅಡವಿಟ್ಟರು, ಅದು ಪರವಾಗಿಲ್ಲ ಬಿಡಿ.’ ಯಾಕೆ ಬಿಡಬೇಕು? ಮೂರು ಪವನು ಚಿನ್ನ! ತಮ್ಮನ ಮದುವೆಗೆ ರೋಲ್ಡ್‌ಗೋಲ್ಡ್ ಬಳೆ ಹಾಕಿಕೊಂಡು ಹೋಗಿದ್ದೀರಿ, ಅಮ್ಮ ಕೈ ಹಿಡಿದು ನೋಡಿಯಾರು ಅಂತ ಇಡೀ ದಿನ ಸೆರಗಿನೊಳಗೆ ಕೈ ಇಟ್ಟುಕೊಂಡಿದ್ದೀರಿ. ಕೇಳಿದ್ದಕ್ಕೆ ಗಂಡ ಹೇಳಿದ್ದು ‘ನನ್ನಲ್ಲಿ ತಪ್ಪು ಹುಡುಕುವುದೇ ನಿನ್ನ ಪಾಪ’ ಅಂತ.

ಈಗ ಗೊತ್ತಾಯ್ತಲ್ಲ, ಈ ಉಪದೇಶ ನಿಮ್ಮ ಮನೆಯಲ್ಲಿ ಯಾವ ಕೆಲಸಕ್ಕೆ ಬರುತ್ತಿದೆ ಎಂದು. ಪಾಪವೇ ಇಲ್ಲದವರು ಯಾರ ಹತ್ತಿರವೂ ಕ್ಷಮೆ ಕೇಳಬೇಕಾಗಿಲ್ಲ. ಬಳೆ ಬಿಡಿಸಿ ಕೊಡಬೇಕಾಗಿಯೂ ಇಲ್ಲ.

ನಿಮ್ಮ ಪ್ರಶ್ನೆಗೂ ಉತ್ತರ ಹೇಳುತ್ತೇನೆ. ಬ್ರದರ್ ಹಿಡಿದುಕೊಂಡಿರುವುದು ಬೈಬಲಿನಲ್ಲಿ ಯೋಹಾನನ ಮೊದಲನೇ ಪತ್ರಿಕೆಯ ಮೂರನೇ ಅಧ್ಯಾಯ. ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲ ಎಂಬ ಮಾತು ಅಲ್ಲಿ ಇದೆ, ಇಲ್ಲ ಅನ್ನುವಂತಿಲ್ಲ. ಆದರೆ ಪುಟ ಹಿಂದೆ ತಿರುಗಿಸಿ. ನಮ್ಮಲ್ಲಿ ಪಾಪವಿಲ್ಲ ಎಂದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ ಎಂದು ಮೊದಲ ಅಧ್ಯಾಯದಲ್ಲಿ ಬರೆದವನೂ ಅದೇ ಯೋಹಾನ, ಅದೂ ‘ನಾವು’ ಅಂತ ತನ್ನನ್ನೂ ಸೇರಿಸಿಕೊಂಡು. ಎರಡನೇ ಅಧ್ಯಾಯದಲ್ಲಿ, ನೀವು ಪಾಪ ಮಾಡಬಾರದೆಂದು ಬರೆಯುತ್ತಿದ್ದೇನೆ, ಮಾಡಿದರೆ ತಂದೆಯ ಬಳಿ ನಮ್ಮ ಪರವಾಗಿ ಮಾತಾಡಲು ಯೇಸು ಇದ್ದಾನೆ ಎನ್ನುತ್ತಾನೆ. ಮೂರನ್ನೂ ಒಟ್ಟಿಗೆ ಓದಿದರೆ ನನಗೆ ಅರ್ಥವಾಗುವುದು ಹೀಗೆ: ಪಾಪದಲ್ಲೇ ಹಾಯಾಗಿ ಕೂತುಬಿಡಬಾರದು, ಜಾರಿದರೆ ಮುಚ್ಚಿಡಬಾರದು. ಫಿಲಿಪ್ಪಿಯವರಿಗೆ ಬರೆಯುವಾಗ ಅಪೊಸ್ತಲ ಪೌಲ ತಾನಿನ್ನೂ ಸಿದ್ಧಿಗೆ ಬಂದಿಲ್ಲ ಎನ್ನುತ್ತಾನೆ. ಯೇಸುವಿನ ಶಿಷ್ಯ ಪೇತ್ರನೇ ಅಂತಿಯೋಕ್ಯದಲ್ಲಿ ಯೆಹೂದ್ಯರಿಗೆ ಹೆದರಿ, ಅಲ್ಲಿಯವರೆಗೆ ಜೊತೆಗೆ ಊಟ ಮಾಡುತ್ತಿದ್ದ ಯೆಹೂದ್ಯರಲ್ಲದ ವಿಶ್ವಾಸಿಗಳನ್ನು ಬಿಟ್ಟು ಎದ್ದುಹೋದ, ಪೌಲ ಎಲ್ಲರ ಎದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಪೇತ್ರನಿಗೆ ರಕ್ಷಣೆ ಆಗಿರಲಿಲ್ಲ ಅಂತ ಬ್ರದರ್ ಹೇಳುತ್ತಾರಾ? ಕೇಳಿ ನೋಡಿ.

ಪರಿಪೂರ್ಣತೆಯ ಬಗ್ಗೆ 1766ರಲ್ಲಿ ಒಂದು ಪುಸ್ತಕವನ್ನೇ ಬರೆದ, ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ ಕೂಡ, ಹೃದಯದಲ್ಲಿ ಪ್ರೀತಿ ತುಂಬಿದವರೂ ತಿಳಿಯದೆ ತಪ್ಪುತ್ತಾರೆ, ಅವರಿಗೂ ದಿನಾ ಕ್ರಿಸ್ತ ಬೇಕು ಎಂದಿದ್ದರು. ತಾನು ಅಲ್ಲಿಗೆ ಮುಟ್ಟಿದ್ದೇನೆ ಎಂದು ಎದ್ದು ನಿಂತು ಹೇಳಿಕೊಂಡವರೂ ಅವರಲ್ಲ.

ಹಾಗಾಗಿ ಬೈದಿದ್ದಕ್ಕೆ ಬೇಜಾರು ಆಗುತ್ತಿದೆ ಅಂದರೆ ರಕ್ಷಣೆ ಕೈಬಿಟ್ಟಿಲ್ಲ. ಆ ಸಂಕಟವೇ ಸಾಕ್ಷಿ, ಬೇರೆ ಬೇಡ.

ಇನ್ನು ನಿಮ್ಮ ಅತ್ತೆ. ಎಲ್ಲರೂ ಬ್ರದರನ್ನು ಬೈಯಲಿ, ನಾನು ಇವರನ್ನು ಬಿಡುವುದಿಲ್ಲ. ಕಪಾಟಿನ ಬೀಗದ ಕೈ ಮಗನಿಗೆ ತೆಗೆದು ಕೊಟ್ಟದ್ದು ಅವರು. ನೀವು ನಾಲ್ಕು ದಿನ ಬಳೆ ಹುಡುಕುವಾಗ ಅಡುಗೆಮನೆಯಲ್ಲಿ ಸುಮ್ನೆ ಕೂತು ತೆಂಗಿನಕಾಯಿ ತುರಿದದ್ದೂ ಅವರು. ನೀವು ಬೈದದ್ದು ಅದು ಗೊತ್ತಾದ ದಿನ! ದನಿ ಏರಿಸಿದ್ದಕ್ಕೆ ಒಂದು ಮಾತು ಕ್ಷಮೆ ಕೇಳಿ, ಸಾಕು. ಬಳೆಯ ವಿಷಯ ಕೇಳಿದ್ದಕ್ಕೆ ಕ್ಷಮೆ ಬೇಡ.

ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಈಗಲೂ ಹೇಳುತ್ತೇನೆ: ಹೆಣ್ಣಿನ ಚಿನ್ನದ ಚೀಟಿ ಹೆಣ್ಣಿನ ಕೈಯಲ್ಲೇ ಇರಬೇಕು. 2024ರಲ್ಲಿ ನಮ್ಮ ಕೇರಳದ್ದೇ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ತವರಿಂದ ಬಂದ ಚಿನ್ನ ಹೆಂಡತಿಯದ್ದು. ಕಷ್ಟಕ್ಕೆ ಗಂಡ ಬಳಸಿಕೊಂಡರೂ ವಾಪಸ್ ಕೊಡಬೇಕು. ಹಾಲ್‌ನ ಅಡ್ವಾನ್ಸು ಕಷ್ಟದ ಲೆಕ್ಕಕ್ಕೂ ಬರುವುದಿಲ್ಲ.

ಗಂಡನಿಗೆ ವಚನ ಬೇಕಾದರೆ ಮತ್ತಾಯ ಐದನೇ ಅಧ್ಯಾಯ ತೆಗೆದು ಕೊಡಿ. ನಿನ್ನ ಮೇಲೆ ಯಾರಿಗಾದರೂ ದೂರು ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅಂತ ಅಲ್ಲಿದೆ. ಅವರ ಕಾಣಿಕೆ ನಿಮ್ಮ ಬಳೆಯ ದುಡ್ಡು, ದೂರು ಇರುವುದೂ ನಿಮ್ಮದೇ.

ಮಾಡಬೇಕಾದ್ದು ಒಂದೇ. ಈ ಶನಿವಾರ ರಾತ್ರಿ ಊಟ ಆದ ಮೇಲೆ, ಅತ್ತೆಯೂ ಇರುವಾಗ, ಅಡವಿನ ಚೀಟಿ ಕೇಳಿ. ಜಗಳ ಬೇಡ, ವಚನದ ಚರ್ಚೆಯೂ ಬೇಡ. ಚೀಟಿ ಕೈಗೆ ಬರುವವರೆಗೆ ಸಭೆಯಲ್ಲಿ ಸಾಕ್ಷಿಗೆ ಏಳಬೇಡಿ, ಯಾರು ಎಷ್ಟೇ ಕರೆಯಲಿ. ಬಂದ ತಕ್ಷಣ ವಾಯಿದೆ ತಾರೀಕು ನೋಡಿ, ಅದು ದಾಟಿದರೆ ಬ್ಯಾಂಕಿನವರು ಏಲಂ ಹಾಕುತ್ತಾರೆ.