ಎಸ್.ಪಿ. ರೋಡಾ, ಆನ್‌ಲೈನಾ? ಹಳೇ ಸಾಮಾನು ಮಾರುವವರ ಪ್ರಶ್ನೆಗಳು

ಪ್ರಶ್ನೆ: ಸರ್, ರಾಜಾಜಿನಗರದ ಮನೆ ಖಾಲಿ ಮಾಡುತ್ತಿದ್ದೇವೆ. ಅಪ್ಪ ಕೂಡಿಟ್ಟ ಗ್ರಾಮಫೋನ್ ಪ್ಲೇಟುಗಳು, ಕ್ಯಾಸೆಟ್ಟುಗಳು, ಒಂದು ರಾಶಿ ಡಿವಿಡಿ ಇವೆ. ಜೊತೆಗೆ ನನ್ನ 2017ರ ಲ್ಯಾಪ್‌ಟಾಪ್. ಎಲ್ಲಾ ಆಟೋಗೆ ಹಾಕಿಕೊಂಡು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿ ಎಸ್.ಪಿ. ರೋಡಿಗೆ ಹೋಗಿಬಿಡಲಾ, ಇಲ್ಲ ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಹಾಕಲಾ? ಗುಜರಿಯವರಿಗೆ ಕೊಟ್ಟು ಕೈತೊಳ್ಕೋ ಅಂತಾಳೆ ತಂಗಿ.

ಉತ್ತರ: ತಂಗಿ ಮಾತು ಡಿವಿಡಿ ಮಟ್ಟಿಗೆ ಸರಿ. ಪ್ಲೇಟುಗಳ ಮಟ್ಟಿಗೆ ಖಂಡಿತ ಅಲ್ಲ. ಎಲ್ಲವನ್ನೂ ಒಂದೇ ಆಟೋಗೆ ಹಾಕಬೇಡಿ. ದಿನ ಹೋದಂತೆ ಬೆಲೆ ಬೀಳುವ ಸಾಮಾನನ್ನು ಊರಲ್ಲೇ, ಈ ವಾರವೇ ಮಾರಿ. ಕೊಳ್ಳುವವರು ಕಮ್ಮಿ, ಆದರೆ ಬೇಕಾದವರು ಹುಡುಕಿಕೊಂಡು ಬರುತ್ತಾರೆ ಅನ್ನುವಂಥದ್ದನ್ನು ಆನ್‌ಲೈನ್‌ನಲ್ಲಿ ಹಾಕಿ ಕಾಯಿರಿ.

ಮೊದಲು ಲ್ಯಾಪ್‌ಟಾಪ್. 2017ರದ್ದು ಅಂದರೆ ಬಹುಶಃ ಇಂಟೆಲ್ 7ನೇ ಜನರೇಶನ್ ಪ್ರೊಸೆಸರ್. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಎಸ್.ಪಿ. ರೋಡಿನ ಅಂಗಡಿಯವರು ಮೊದಲು ನೋಡುವುದೇ ಕೀಬೋರ್ಡ್ ಪಕ್ಕದಲ್ಲಿ ಪ್ರೊಸೆಸರ್ ಯಾವುದು ಅಂತ ಹೇಳುವ ಸ್ಟಿಕ್ಕರ್. ಆಮೇಲೆ ಮುಚ್ಚಳ ಎತ್ತಿ ಇಳಿಸಿ ಹಿಂಜ್ ನೋಡ್ತಾರೆ, ಚಾರ್ಜರ್ ಕಿತ್ತು ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತೆ ಅಂತ ನೋಡ್ತಾರೆ, ಕೊನೆಗೆ ನೀವು ಮನಸ್ಸಲ್ಲಿಟ್ಟುಕೊಂಡ ಬೆಲೆಯ ಅರ್ಧ ಹೇಳಿ ಸುಮ್ನೆ ಕೂರ್ತಾರೆ. ಅದನ್ನು ಮೋಸ ಅನ್ನಬೇಡಿ. ಅವರು ರಿಪೇರಿ ಮಾಡಿ, ಅಷ್ಟೋ ಇಷ್ಟೋ ವಾರಂಟಿ ಕೊಟ್ಟು ಮಾರಬೇಕು. ಮೂರು ನಾಲ್ಕು ಅಂಗಡಿ ಕೇಳಿ, ಬೆಲೆ ಮೊದಲು ಅವರ ಬಾಯಿಂದಲೇ ಬರಲಿ. ಒರಿಜಿನಲ್ ಚಾರ್ಜರ್ ಮತ್ತು ಬಿಲ್ಲು ಜೊತೆಗಿರಲಿ. ಓಎಲ್ಎಕ್ಸ್‌ನಲ್ಲಿ ಹಾಕಿದರೆ ಸ್ವಲ್ಪ ಜಾಸ್ತಿ ಸಿಗಬಹುದು, ನಿಜ. ಆದರೆ 'ಲಾಸ್ಟ್ ಎಷ್ಟು ಸಾರ್' ಅಂತ ಕೇಳಿ ಮಾಯವಾಗುವವರ ಜೊತೆ ವಾರಗಟ್ಟಲೆ ಏಗಬೇಕು, ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಅದು ಬೇಕಾ?

ಈಗ ಪ್ಲೇಟುಗಳು. ಇಲ್ಲಿ ಅವಸರ ಮಾಡಿದರೆ ನಷ್ಟ ನಿಮಗೇ. ಒಂದೊಂದನ್ನೇ ಕವರಿನಿಂದ ತೆಗೆದು, ಅಂಚು ಮತ್ತು ಲೇಬಲ್ ಮಾತ್ರ ಹಿಡಿದು, ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ನೋಡಿ. ಕೂದಲೆಳೆ ಗೆರೆಗಳಿದ್ದರೆ ಪರವಾಗಿಲ್ಲ. ಬೆರಳಿಗೆ ತಾಗುವಷ್ಟು ಆಳದ ಗೀರು ಇದ್ದರೆ ಬೆಲೆ ಬಿತ್ತು ಅಂತಲೇ ಲೆಕ್ಕ. ಹಾಡು ಮುಗಿದ ಮೇಲೆ ಲೇಬಲ್ಲಿನ ತನಕ ಒಂದಿಷ್ಟು ಖಾಲಿ ಜಾಗ ಇರುತ್ತೆ, ಅಲ್ಲಿ ಸಣ್ಣದಾಗಿ ನಂಬರ್ ಕೊರೆದಿರುತ್ತಾರೆ. ಅದರ ಫೋಟೊನೂ ಹಾಕಿ. ಯಾವ ಪ್ರಿಂಟು ಅಂತ ಕಲೆಕ್ಟರ್‌ಗಳು ಅದರಿಂದಲೇ ಪತ್ತೆ ಹಚ್ಚುತ್ತಾರೆ, ಕವರಿನ ಚಿತ್ರ ನೋಡಿ ಅಲ್ಲ. ಬೆಲೆ ಅಂದಾಜಿಗೆ ಡಿಸ್ಕಾಗ್ಸ್ ಸೈಟಿನಲ್ಲಿ ಅದೇ ನಂಬರ್ ಹುಡುಕಿ. ಜನ ಕೇಳುತ್ತಿರುವ ಬೆಲೆ ನೋಡಬೇಡಿ, ಹಿಂದೆ ಮಾರಾಟವಾದ ಬೆಲೆ ನೋಡಿ. ಕೇಳೋಕೆ ಏನಂತೆ, ಯಾರು ಎಷ್ಟು ಬೇಕಾದರೂ ಕೇಳಬಹುದು.

ಕನ್ನಡ ಸಿನಿಮಾ ಹಾಡುಗಳ 7 ಇಂಚಿನ ಚಿಕ್ಕ ಪ್ಲೇಟುಗಳಿದ್ದರೆ ಬೇರೆ ಎತ್ತಿಡಿ. ಚೆನ್ನಾಗಿರುವುದನ್ನು ಬಿಡಿಬಿಡಿಯಾಗಿ ಮಾರಿ, ಉಳಿದದ್ದನ್ನು ಒಂದು ಲಾಟ್ ಮಾಡಿ. ತಿರುಗುಮುರುಗು ಮಾಡಿದರೆ, ಅಂದರೆ ಇಡೀ ಪೆಟ್ಟಿಗೆಯನ್ನು ಒಬ್ಬ ವ್ಯಾಪಾರಿ ಮುಂದಿಟ್ಟರೆ, ಅವನು ಕೆಟ್ಟ ಪ್ಲೇಟಿನ ಲೆಕ್ಕದಲ್ಲಿ ಬೆಲೆ ಕಟ್ಟಿ ಒಳ್ಳೆಯದನ್ನೂ ಒಯ್ಯುತ್ತಾನೆ. ದಪ್ಪಗೆ ಭಾರವಾಗಿರುವ 78 ಆರ್‌ಪಿಎಂ ಪ್ಲೇಟುಗಳನ್ನು ಮಾತ್ರ ಕೊರಿಯರ್‌ಗೆ ಹಾಕಬೇಡಿ, ಅವು ಹಪ್ಪಳದಂತೆ ಒಡೆಯುತ್ತವೆ. ಬೆಂಗಳೂರಲ್ಲೇ ಇರುವವರು ಬಂದು ನೋಡಿ ಒಯ್ಯಲಿ. ಎಲ್‌ಪಿ, ಅಂದರೆ ದೊಡ್ಡ ಪ್ಲೇಟು, ಕಳಿಸುವುದಾದರೆ ಪ್ಲೇಟನ್ನು ಒಳಗಿನ ಕಾಗದದ ಸಮೇತ ಕವರಿನಿಂದ ಹೊರಗೆ ತೆಗೆದು, ಕವರಿನ ಬೆನ್ನಿಗಿಟ್ಟು, ಎರಡೂ ಕಡೆ ಗಟ್ಟಿ ರಟ್ಟು ಕೊಟ್ಟು ಕಟ್ಟಿ. ಒಳಗೇ ಬಿಟ್ಟರೆ ದಾರಿಯಲ್ಲಿ ಅಲುಗಾಡಿ ಕವರಿನ ಅಂಚು ಸೀಳಿಕೊಳ್ಳುತ್ತೆ.

ಕ್ಯಾಸೆಟ್ಟಿಗೆ ಅಷ್ಟು ಗಿರಾಕಿ ಇಲ್ಲ. ಕಂಪನಿ ಹೊರತಂದ ಹರಿಕಥೆ, ತಾಳಮದ್ದಳೆ ಥರದ್ದಕ್ಕೆ ಕೇಳುವವರು ಸಿಗಬಹುದು. ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿದಿದ್ದರೆ ಪ್ಲೇಯರಿಗೆ ಹಾಕಲೇಬೇಡಿ, ಅದು ಹೆಡ್ಡಿಗೂ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತೆ. ಮನೆಯಲ್ಲೇ ರೆಕಾರ್ಡ್ ಮಾಡಿದ್ದು ಇದ್ದರೆ ಮೊದಲು ಕೇಳಿ ನೋಡಿ, ಅಜ್ಜಿಯ ದನಿಯನ್ನೇ ಮಾರಿಬಿಟ್ಟೀರಿ.

ಡಿವಿಡಿ ತೂಕಕ್ಕೆ ಹೋಗಲಿ. ಒರಿಜಿನಲ್ ಇದ್ದರೆ ಎತ್ತಿಡಿ, ಸಂಗ್ರಹ ಮಾಡುವವರು ಕೇಳಿಯಾರು. ಫುಟ್‌ಪಾತಿನಲ್ಲಿ ಕೊಂಡ ಕಾಪಿಗಳನ್ನು ಮಾತ್ರ ಎಲ್ಲೂ ಮಾರಾಟಕ್ಕೆ ಹಾಕಬೇಡಿ. ನಾವು ಗೂಂಡಾ ಕಾಯ್ದೆ ಅಂತ ಕರೆಯುವ 1985ರ ಕರ್ನಾಟಕದ ಕಾನೂನಿನ ಹೆಸರಲ್ಲೇ ವಿಡಿಯೊ, ಆಡಿಯೊ ಪೈರಸಿ ಮಾಡುವವರೂ ಸೇರಿದ್ದಾರೆ, ಗೊತ್ತಾ? ನಿಮ್ಮ ಒಂದು ರಾಶಿಗೆ ಯಾರೂ ಗೂಂಡಾ ಕಾಯ್ದೆ ಹಾಕುವುದಿಲ್ಲ ಬಿಡಿ. ಆದರೂ ಕಾಪಿರೈಟ್ ಕಾನೂನಂತೂ ಇದ್ದೇ ಇದೆ.

ಪ್ರಶ್ನೆ: ಟಿವಿ ಮಾರಲು ಆನ್‌ಲೈನ್‌ನಲ್ಲಿ ಹಾಕಿದ ಹತ್ತೇ ನಿಮಿಷಕ್ಕೆ ಒಬ್ಬರು ಫೋನ್ ಮಾಡಿದರು. ಮಿಲಿಟರಿಯವರಂತೆ, ಬೇರೆ ಊರಿಗೆ ವರ್ಗ ಆಗಿದೆಯಂತೆ. ಚೌಕಾಸಿಯನ್ನೇ ಮಾಡದೆ ಒಪ್ಪಿ, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಅಂದರು. ಮಾಡಬಹುದಾ?

ಉತ್ತರ: ಬೇಡ. ನಂಬರ್ ಬ್ಲಾಕ್ ಮಾಡಿ. ಯುಪಿಐನಲ್ಲಿ ದುಡ್ಡು ಬರಲು ನೀವು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಪಿನ್ ಹಾಕಿದಿರಿ ಅಂದರೆ ದುಡ್ಡು ಹೋಗುವುದು ನಿಮ್ಮ ಅಕೌಂಟಿನಿಂದ. ಸೈನಿಕರ ಹೆಸರು ಹೇಳಿಕೊಂಡು ಮಾಡುವ ಈ ಮೋಸ ಹಳೆಯದು, ಇನ್ನೂ ನಡೆಯುತ್ತಿದೆ. ಬೆಂಗಳೂರಿನಲ್ಲಿ ಚೌಕಾಸಿ ಮಾಡದೆ ಹಳೇ ಟಿವಿ ಕೊಳ್ಳುವವರು ಯಾರಿದ್ದಾರೆ ಹೇಳಿ! ಪಿನ್ ಹಾಕಿ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಆ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ನಿಜವಾದ ಗಿರಾಕಿ ಬಂದಾಗಲೂ ಅವರ ಮೊಬೈಲಿನ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿದ ಮೇಲೆ ಸಾಮಾನು ಕೈಬಿಡಿ. ಸಣ್ಣ ಸಾಮಾನಾದರೆ ಮೆಟ್ರೋ ಸ್ಟೇಷನ್ ಕೆಳಗೋ, ಜನ ಓಡಾಡುವ ದರ್ಶಿನಿಯ ಮುಂದೋ ಭೇಟಿ ಆಗಿ. ಟಿವಿಗೆ ಅವರು ಮನೆಗೇ ಬರಬೇಕು. ಬರುವಾಗ ಮನೆಯಲ್ಲಿ ಇನ್ನೊಬ್ಬರು ಇರಲಿ, ಟಿವಿ ಹಾಲ್‌ನಲ್ಲೇ ಇರಲಿ, ಮನೆಯೆಲ್ಲಾ ತೋರಿಸುವುದು ಬೇಡ.

ಪ್ರಶ್ನೆ: ಐಫೋನ್ ಮಾರಬೇಕು. ಮನೆಗೇ ಬಂದು ಒಯ್ಯುವ ಆ್ಯಪ್‌ಗೆ ಕೊಡಲಾ, ಮೊಬೈಲ್ ಅಂಗಡಿಗಳಿರುವ ನ್ಯಾಷನಲ್ ಮಾರ್ಕೆಟ್ಟಿಗೆ ಹೋಗಲಾ?

ಉತ್ತರ: ಎರಡೂ ಕಡೆ ಬೆಲೆ ಕೇಳಿ. ಆ್ಯಪ್‌ನಲ್ಲಿ ಮೊದಲು ತೋರಿಸುವ ಬೆಲೆ ಮನೆ ಬಾಗಿಲಲ್ಲಿ ಇಳಿಯಬಹುದು. ಬ್ಯಾಟರಿ ಹೆಲ್ತ್ ಶೇ. 80ಕ್ಕಿಂತ ಕೆಳಗಿದ್ದರೆ, ಡಿಸ್‌ಪ್ಲೇ ಬದಲಾಗಿದ್ದರೆ ಮೊದಲೇ ಹೇಳಿಬಿಡಿ, ಆಗ ಬರುವ ಬೆಲೆಯೇ ನಿಜವಾದ ಬೆಲೆ. ಕೊಡುವ ಮುಂಚೆ ಬ್ಯಾಕಪ್ ತೆಗೆದುಕೊಂಡು, ಕಳೆದ ಫೋನ್ ಹುಡುಕುವ 'ಫೈಂಡ್ ಮೈ' ಆಫ್ ಮಾಡಿ, ಐಕ್ಲೌಡ್‌ನಿಂದ ಸೈನ್ ಔಟ್ ಆಗಿ, ಆಮೇಲೆ ಎಲ್ಲಾ ಅಳಿಸಿ. ಸೈನ್ ಔಟ್ ಆಗದೆ ಕೊಟ್ಟರೆ ಕೊಂಡವರಿಗೆ ಲಾಕ್ ಬಂದು, ರಾತ್ರಿ ಹತ್ತಕ್ಕೆ ನಿಮಗೆ ಫೋನ್ ಬರುತ್ತೆ. ಯಾರಿಗೇ ಕೊಟ್ಟರೂ ತಾರೀಕು, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್, ಅವರ ಸಹಿ ಇರುವ ಒಂದು ಚೀಟಿ ಬರೆಸಿಕೊಳ್ಳಿ. *#06# ಒತ್ತಿದರೆ ನಂಬರ್ ಬರುತ್ತೆ. ನಿಮ್ಮ ಆಧಾರ್ ಕಾಪಿ ಕೇಳಿದರೆ ಅದರ ಮೇಲೆ 'ಫೋನ್ ಮಾರಾಟಕ್ಕೆ ಮಾತ್ರ' ಅಂತ ಬರೆದು ಕೊಡಿ. ಸಿಮ್ ಟ್ರೇ ಒಮ್ಮೆ ಎಳೆದು ನೋಡಿ, ಸಿಮ್ ಸಮೇತ ಕೊಟ್ಟುಬಿಡುವವರು ಕಮ್ಮಿ ಏನಿಲ್ಲ.